ಪುಕ್ಕಟೆ ಹಕ್ಕಿಪಾಠ

ಕಲಿಸಿದ್ದು ಕಲಿತವರ ತಲೆಗೆ ಹೋಗಿಬಿಡುತ್ತದೆ, ಕಲಿಸಿದವರ ತಲೆಯಲ್ಲಿ ಉಳಿಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೂ ಗುರುಪಾದಪ್ಪ ಮಾಸ್ತರು ಹಕ್ಕಿಗಳ ಕೂಗು ಗುರುತಿಸಲು ಕಲಿಸುವ ಪಾಡ್‌ಕಾಸ್ಟನ್ನು ಪುಕ್ಕಟೆ ನಡೆಸುತ್ತಿದ್ದರು. ಕಾಡಿನಲ್ಲಿ ಗೈಡ್ ಆಗಲು ಓದುತ್ತಿದ್ದ ಪಕ್ಕದ ಮನೆಯ ಶಾಂಭವಿ ಕಂಪ್ಯೂಟರಿನಲ್ಲಿ ಅದಕ್ಕೆ ಚಂದಾದಾರಳಾಗಿ, ಒಂದು ಪಾಠವನ್ನೂ ಬಿಡದೆ ಕೇಳಿದಳು.

ಪರೀಕ್ಷೆಯ ಹಿಂದಿನ ದಿನ ಮಾಸ್ತರು ಕಾಂಪೌಂಡಿನಾಚೆಯಿಂದ ಕರೆದರು.

"ಯವ್ವಾ, ನುಗ್ಗಿ ಗಿಡದಾಗ ಕೂಗಾಕತ್ತೈತಲ್ಲ, ಅದು ಯಾವ ಹಕ್ಕಿ?"

ಅದು ಮಡಿವಾಳ ಹಕ್ಕಿ. ಅವಳಿಗೆ ಕೂಡಲೇ ಗೊತ್ತಾಯಿತು. ಆದರೆ ಈಗ ಹೇಳಿಕೊಟ್ಟರೆ ಮರೆಯುವವಳು ತಾನು.

"ನನಗೂ ಗೊತ್ತಿಲ್ರಿ ಮಾಸ್ತರ," ಎಂದಳು. ಅವರ ಮುಖ ನೋಡಲಾಗಲಿಲ್ಲ.

ಹುಡುಗಿ ಸಪ್ಪಗಾದದ್ದು ಕಂಡು ಮಾಸ್ತರಿಗೆ ಮರುಕವಾಯಿತು.

"ಇರ್ಲಿ ಬಿಡವ್ವಾ, ಬ್ಯಾಸರ ಮಾಡ್ಕೋಬ್ಯಾಡ. ಯಾರನ್ನರ ಕೇಳಿ ಕಲ್ತು, ನಾನ ನಿನಗ ಹೇಳಿಕೊಡ್ತೀನಿ."