ಕೊನೆಯ ಮಹಡಿಯ ದೀಪ

ಎರಡನೇ ಬೆರಳು ಮುರಿದ ಮೇಲೆ ಭಾವಮೈದ ಬಾಯಿಬಿಟ್ಟ.

"ಹೊಸ ಟವರ್. ಪೇಟೆ ನಡುವೆ ಎದ್ದಿದೆಯಲ್ಲ, ಗಾಜಿನದು. ಸಂಜೆ ಹೊತ್ತು ಅಲ್ಲೇ ಇರ್ತಾಳೆ."

ಗ್ಯಾರೇಜಿನ ಯಜಮಾನ ಇಕ್ಕಳ ಕೆಳಗಿಟ್ಟು, ಕೈ ಒರೆಸಿಕೊಂಡು, ವೀಲ್ ಸ್ಪ್ಯಾನರ್ ಎತ್ತಿಕೊಂಡ. ಹೆಂಡತಿ ಮನೆ ಬಿಟ್ಟು ಹೋಗಿ ವರ್ಷವಾಗಿತ್ತು. ಅವಳನ್ನು ವಾಪಸು ಕರೆತರುವ ಆಸೆ ಅವನಿಗೆ ಎಂದೋ ಹೋಗಿತ್ತು. ಉಳಿದಿದ್ದುದು ಒಂದೇ ಹಟ. ತನ್ನನ್ನು ಬಿಟ್ಟವಳು ಇನ್ನೊಂದು ಕಡೆ ನೆಮ್ಮದಿಯಾಗಿ ಬದುಕಬಾರದು, ಬದುಕಲೇಬಾರದು. ಭಾವಮೈದನನ್ನು ಟೈರುಗಳ ರಾಶಿಯ ಮೇಲೆ ತಳ್ಳಿ, ಷಟರ್ ಎಳೆದು ಹೊರಟ.

ಪೇಟೆ ಗುರುತೇ ಸಿಗದಷ್ಟು ಬದಲಾಗಿತ್ತು. ಹಳೆಯ ಗೋದಾಮುಗಳನ್ನೆಲ್ಲ ಕೆಡವಿ, ಆ ಜಾಗದಲ್ಲಿ ಒಂದರ ಪಕ್ಕ ಒಂದು ಎತ್ತರದ ಕಟ್ಟಡ ನಿಲ್ಲಿಸಿದ್ದರು. ಎಲ್ಲಕ್ಕಿಂತ ಎತ್ತರದ್ದು ಆ ಗಾಜಿನ ಟವರ್. ಅವನು ಎದುರಿನ ಬೀದಿದೀಪದ ಕೆಳಗೆ ಗಾಡಿ ನಿಲ್ಲಿಸಿ ಕತ್ತೆತ್ತಿದ. ಹೊತ್ತು ಮುಳುಗಿ ಇನ್ನೂ ಹೆಚ್ಚು ಸಮಯವಾಗಿರಲಿಲ್ಲ. ಕೆಳಗಿನ ಮಹಡಿಯಿಂದ ಶುರುವಾಗಿ ಕಿಟಕಿಗಳು ಒಂದೊಂದೇ ಬೆಳಗುತ್ತಿದ್ದವು. ಒಂದು ಪರದೆಯ ಮೇಲೆ ಹೆಂಗಸಿನ ನೆರಳು ಬಿತ್ತು. ಎಡಭುಜ ಕೊಂಚ ಇಳಿಬಿದ್ದಿತ್ತು. ಅದನ್ನು ಇಳಿಸಿದವನು ತಾನೇ ಆದ್ದರಿಂದ ಗುರುತು ಹಿಡಿಯಲು ಕಷ್ಟವಾಗಲಿಲ್ಲ.

ಪರದೆ ತುಸು ಸರಿಯಿತು. ಕೆಳಗೆ ನೋಡಿದಳು. ನೋಡಲಿ ಎಂದುಕೊಂಡು ಸ್ಪ್ಯಾನರನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಅವಳು ಹೆದರುವುದೇ ಅವನಿಗೆ ಅರ್ಧ ಸುಖ. ಯಾವನೋ ದುಡ್ಡಿನ ಕುಳ ಇವಳನ್ನು ಇಂಥ ಮನೆಯಲ್ಲಿ ಇಟ್ಟುಕೊಂಡಿರಬೇಕು ಎಂದುಕೊಂಡು ಗೇಟಿನತ್ತ ನುಗ್ಗಿದ.

ಗೇಟಿನಲ್ಲಿ ವಾಚ್‌ಮನ್ ಅಡ್ಡ ಬಂದ. ವಯಸ್ಸಾದವನು. ಕೈ ಮುಗಿಯುತ್ತಲೇ ತಡೆದ.

"ಮೇಲಕ್ಕೆ ಹೋಗಬೇಡಿ ಸಾರ್. ಮೇಲೆ ಇನ್ನೂ..."

ಸ್ಪ್ಯಾನರ್ ದವಡೆಗೆ ಬಿತ್ತು. ಮಾತು ಅಲ್ಲಿಗೇ ನಿಂತಿತು. ಬಿದ್ದವನ ತಲೆಗೆ ಇನ್ನೊಂದು ಏಟು ಕೊಟ್ಟು, ದಾಟಿಕೊಂಡು ಒಳಗೆ ನಡೆದ. ಯಾರ ಮಾತನ್ನೂ ಪೂರ್ತಿ ಕೇಳಿದ ಅಭ್ಯಾಸ ಅವನಿಗಿರಲಿಲ್ಲ.

ಲಿಫ್ಟ್ ಕೆಲಸ ಮಾಡಲಿಲ್ಲ. ಮೆಟ್ಟಿಲು ಹತ್ತಿದ. ಬಾಗಿಲ ಮುಂದೆ ಒಂದು ಜೊತೆ ಚಪ್ಪಲಿಯಿಲ್ಲ, ಒಗ್ಗರಣೆಯ ವಾಸನೆಯಿಲ್ಲ, ಟೀವಿಯ ಗಲಾಟೆಯಿಲ್ಲ. ದೊಡ್ಡವರ ಮನೆಗಳೇ ಹೀಗೆ ಎಂದು ಬೈದುಕೊಂಡು, ನೆರಳು ಕಂಡ ಮಹಡಿಯ ಬಾಗಿಲನ್ನು ಒದ್ದ. ದೀಪ ಉರಿಯುತ್ತಿತ್ತು. ಅವಳಿರಲಿಲ್ಲ. ಕಿಟಕಿಯ ಪಕ್ಕದಲ್ಲಿ ಸೋಫಾ, ಅದರ ಮೇಲೆ ಇನ್ನೂ ಬಿಚ್ಚದ ಪ್ಲಾಸ್ಟಿಕ್ ಹೊದಿಕೆ. ಸಿಟ್ಟಿಗೆ ಅದನ್ನೇ ಬಡಿದು ಹರಿದ.

ಮೇಲೆ ಓಡುವ ಹೆಜ್ಜೆ ಕೇಳಿಸಿತು. ಮುಂದಿನ ಮಹಡಿಯ ದೀಪ ಹತ್ತಿತು. ಅವನು ತಲುಪುವಷ್ಟರಲ್ಲಿ ಅದರ ಮೇಲಿನದು.

ಅವನಿಗೆ ನಗು ಬಂತು. ತಪ್ಪಿಸಿಕೊಳ್ಳುವವರು ಯಾರಾದರೂ ದೀಪ ಹಚ್ಚಿಕೊಂಡು ಓಡುತ್ತಾರೆಯೇ? ಇವಳು ಓಡುತ್ತಾಳೆ. ಮದುವೆಯಾದ ಹೊಸದರಲ್ಲಿ ಎದುರುತ್ತರ ಕೊಟ್ಟಳೆಂದು ಬಲ್ಬು ಕಳಚಿ ಸಾಮಾನಿನ ಕೋಣೆಯಲ್ಲಿ ಕೂಡಿಹಾಕಿದ್ದ. ಆಮೇಲೆ ಅದೇ ಅವನ ರೂಢಿಯಾಯಿತು. ಕೊನೆಕೊನೆಗೆ ಕರೆಂಟ್ ಹೋದರೆ ಸಾಕು, ಮಗುವಿನ ಹಾಗೆ ಬಿಕ್ಕುತ್ತಿದ್ದಳು. ಗ್ಯಾರೇಜಿನ ಗೆಳೆಯರಿಗೆ ಅದನ್ನು ತಮಾಷೆಯಾಗಿ ಹೇಳಿ ನಗಿಸುತ್ತಿದ್ದ.

ಕೊನೆಯ ಮಹಡಿಗೆ ಬರುವಾಗ ಏದುಸಿರು ಬರುತ್ತಿತ್ತು. ಇಲ್ಲಿ ಕಾರಿಡಾರ್ ಪೂರ್ತಿ ಕತ್ತಲು. ಸಿಮೆಂಟಿನ ವಾಸನೆ. ತುದಿಯಲ್ಲಿ ಒಂದೇ ಬಾಗಿಲು, ಅದರ ಸಂದಿಯಿಂದ ಹಳದಿ ಬೆಳಕಿನ ಗೆರೆ. ಓಡಲು ಇನ್ನು ಜಾಗವಿಲ್ಲ.

"ಕತ್ತಲೇಲಿ ಇರೋಕೆ ನಿನ್ನಿಂದ ಆಗಲ್ಲ ಕಣೇ," ಎಂದ ಮೆಲ್ಲಗೆ. "ದೀಪ ಎಲ್ಲಿರುತ್ತೋ ಅಲ್ಲೇ ಇರ್ತೀಯ. ನಿನ್ನ ಹುಡುಕೋದು ಎಷ್ಟು ಸುಲಭ ನೋಡು."

ಗೋಡೆ ತಡವಿದ. ಬಾಗಿಲ ಪಕ್ಕದಲ್ಲಿ ಒಂದು ತಗಡಿನ ಬೋರ್ಡ್ ಕೈಗೆ ತಗುಲಿತು. ಮನೆಯವನ ಹೆಸರಿರಬೇಕು, ಇವಳನ್ನು ಇಟ್ಟುಕೊಂಡವನ ಹೆಸರು. ಓದಲು ಬೆಳಕಿರಲಿಲ್ಲ. ಓದುವ ತಾಳ್ಮೆಯೂ ಇರಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ಸ್ಪ್ಯಾನರ್ ಎತ್ತಿ, ಭುಜ ಮುಂದೆ ಮಾಡಿ ನುಗ್ಗಿದ.

ಚಿಲಕ ಹಾಕಿರಲಿಲ್ಲ. ಬಾಗಿಲು ಸಲೀಸಾಗಿ ತೆರೆದುಕೊಂಡಿತು. ಎದುರಿಗೆ ಗಾಜು, ಗಾಜಿನಾಚೆ ಇಡೀ ಪೇಟೆಯ ದೀಪಗಳು, ತಲೆಯ ಮೇಲೆ ವೈರಿಗೆ ತೂಗುಹಾಕಿದ ಒಂದು ಬಲ್ಬು. ಕಾಲು ಊರಿದ. ಕಾಲಿಗೆ ಏನೂ ಸಿಗಲಿಲ್ಲ.

ಕೂಗು ಬಹಳ ಕೆಳಗೆ ಹೋಗಿ ನಿಂತಿತು.

ಕಾರಿಡಾರಿನ ಕತ್ತಲಲ್ಲಿ, ಅವನು ಹಾದುಹೋದ ಜಾಗದಿಂದ ಕೈಯಳತೆಯಲ್ಲೇ, ಗೋಡೆಗೊತ್ತಿ ನಿಂತಿದ್ದವಳು ಹಿಡಿದಿದ್ದ ಉಸಿರು ಬಿಟ್ಟಳು. ಆ ಟವರಿನಲ್ಲಿ ಇನ್ನೂ ಒಂದು ಮನೆಯೂ ಮಾರಾಟವಾಗಿರಲಿಲ್ಲ. ಜನ ತುಂಬಿದಂತೆ ಕಂಡರೆ ಕೊಳ್ಳುವವರು ಬರುತ್ತಾರೆಂದು ಬಿಲ್ಡರ್ ಅವಳನ್ನು ಕೆಲಸಕ್ಕಿಟ್ಟುಕೊಂಡಿದ್ದ. ಸಂಜೆಯಾದರೆ ಖಾಲಿ ಮನೆಗಳ ದೀಪ ಹಚ್ಚಬೇಕು, ಆಗಾಗ ಕಿಟಕಿಯ ಬಳಿ ಸುಳಿದಾಡಬೇಕು, ಆಮೇಲೆ ಮೇಲಿನಿಂದ ಒಂದೊಂದೇ ಆರಿಸುತ್ತ ಒಬ್ಬಳೇ ಕತ್ತಲಲ್ಲಿ ಇಳಿದು ಬರಬೇಕು. ಮೊದಮೊದಲು ಅತ್ತುಕೊಂಡೇ ಇಳಿಯುತ್ತಿದ್ದಳು. ಈಗ ಕತ್ತಲು ಅವಳಿಗೆ ಏನೂ ಅನಿಸುತ್ತಿರಲಿಲ್ಲ.

ಗೇಟಿನಲ್ಲಿ ವಾಚ್‌ಮನ್ ತಾತ ಬಿದ್ದುದನ್ನು ಕಿಟಕಿಯಿಂದಲೇ ನೋಡಿದ್ದಳು; ಫೋನ್ ತೆಗೆದು ಅವನಿಗಾಗಿ ಆಂಬುಲೆನ್ಸ್ ಕರೆದಳು. ಆಮೇಲೆ ಗೋಡೆ ತಡವಿ ಸ್ವಿಚ್ಚು ಒತ್ತಿದಳು. ಬಾಗಿಲ ಪಕ್ಕದ ತಗಡಿನ ಮೇಲೆ ಕೆಂಪು ಅಕ್ಷರಗಳು ಕಾಣಿಸಿದವು: ‘ಅಪಾಯ. ಒಳಗೆ ತಳದವರೆಗೂ ನೆಲ ಹಾಕಿಲ್ಲ. ಕಾಲಿಡಬೇಡಿ.’

ಆ ಸಂಜೆ ಇಡೀ ಟವರಿನಲ್ಲಿ ಅವಳು ಹಚ್ಚದೆ ಬಿಟ್ಟಿದ್ದುದು ಆ ಬೋರ್ಡಿನ ಮೇಲಿನ ದೀಪವೊಂದನ್ನೇ.