ಎಂಟನೆಯ ಕಲ್ಲು

ಬಿಸಿ ಚಹಾದ ಲೋಟ ಆಗಷ್ಟೇ ಕೈಗೆ ಬಂದಿತ್ತು, ಮಂಜು ಇಳಿದೇಬಿಟ್ಟಿತು. ಯಾರೋ ಬೆಟ್ಟದ ತುದಿಯಿಂದ ಕಂಬಳಿ ಎಳೆದು ಹೊದಿಸಿದ ಹಾಗೆ. ಹತ್ತು ಮಾರು ದೂರದ ಅಡುಗೆ ಟೆಂಟೂ ಕಾಣದಾಯಿತು. ಶಿವರಂಜಿನಿ ಎದ್ದು ನಿಂತಳು. ಅವಳ ಗಂಡ ನಿಂಗರಾಜು ಇನ್ನೂ ಕ್ಯಾಂಪಿಗೆ ಬಂದಿರಲಿಲ್ಲ.

"ಭಯ ಬೇಡ," ಅಂದ ಗೈಡ್ ಹಿಂದಿಯಲ್ಲಿ. "ದಾರಿಯುದ್ದಕ್ಕೂ ಕಲ್ಲು ಪೇರಿಸಿ ಗುರುತು ಮಾಡಿದ್ದೇವೆ. ಮಂಜು ಬಿದ್ದರೆ ಒಂದು ಗುರುತಿನಿಂದ ಇನ್ನೊಂದಕ್ಕೆ ನಡೆಯಿರಿ ಅಂತ ಬೆಳಿಗ್ಗೆಯೇ ಹೇಳಿದ್ದೆನಲ್ಲ? ಬರುತ್ತಾನೆ."

ಬೆಳಿಗ್ಗೆ ಅವನು ಹೇಳುವಾಗ ಈ ಮಹಾತಾಯಿ ಫೋಟೋ ತೆಗೆಸಿಕೊಳ್ಳುತ್ತಿದ್ದಳು. ಬದನಗುಪ್ಪೆಯ ಕಾರ್ಖಾನೆಯಲ್ಲಿ ಬಿಹಾರದ ಹುಡುಗಿಯರ ಪಕ್ಕ ನಿಂತು ಕಲಿತ ಹಿಂದಿ ಈಗ ಒಂದಕ್ಷರ ಬಿಡದೆ ಅರ್ಥವಾಯಿತು. ಲೋಟ ಕೈಜಾರಿ ಬಿತ್ತು.

ಒಂದು ಗಂಟೆ ಹಿಂದೆ ಅವಳೂ ಕಲ್ಲು ಪೇರಿಸಿ ಬಂದಿದ್ದಳು. ಊರಿನ ಕಡೆ ಬೆಟ್ಟ ಹತ್ತಿದವರು ಸ್ವಂತ ಮನೆಯಾಗಲಿ ಎಂದು ಹರಕೆ ಹೊತ್ತು ಕಲ್ಲಿನ ಮೇಲೆ ಕಲ್ಲಿಡುತ್ತಾರಲ್ಲ, ಹಾಗೆ. ಗೋಪಾಲಸ್ವಾಮಿ ಬೆಟ್ಟದಲ್ಲಿ ಮೂರು ಸಲ ಇಟ್ಟರೂ ಗುಂಡ್ಲುಪೇಟೆಯ ಬಾಡಿಗೆ ಮನೆ ತಪ್ಪಿರಲಿಲ್ಲ. "ಕಲ್ಲು ಪೇರ್ಸುದ್ರೆ ಮನೆ ಆಗದಾದ್ರೆ, ಕ್ವಾರೇಲಿ ದುಡಿಯೋರ್ಗೆಲ್ಲ ಬಂಗ್ಲೆ ಆಗ್ಬೇಕಿತ್ತು ಕಣಮ್ಮಿ," ಎಂದು ನಿಂಗರಾಜು ನಗುತ್ತಿದ್ದ, ಒಂದು ಕಲ್ಲನ್ನೂ ಮುಟ್ಟುತ್ತಿರಲಿಲ್ಲ. ಹಿಮಾಲಯಕ್ಕೇ ಬಂದ ಮೇಲೆ ಬಿಡುವುದುಂಟೇ? ಮೊನ್ನೆ ಸೇಬಿನ ತೋಟಗಳ ಹಳ್ಳಿ ದಾಟಿ, ನಿನ್ನೆಯೆಲ್ಲ ದೇವದಾರು ಕಾಡಿನಲ್ಲಿ ನಡೆದು, ಇವತ್ತು ಮರವೇ ಇಲ್ಲದ ಬೋಳು ಬೆಟ್ಟ ಹತ್ತಿದ್ದರು. ಅರ್ಜಿಯನ್ನು ಶಿವನ ಮನೆ ಬಾಗಿಲಲ್ಲೇ ಕೊಟ್ಟುಬಿಡೋಣ ಅನ್ನಿಸಿತ್ತು ಅವಳಿಗೆ. ಎರಡು ಕಲ್ಲು ನಿಲ್ಲಿಸಿ, ಮೇಲೊಂದು ಚಪ್ಪಡಿ ಮಲಗಿಸಿ ಬಾಗಿಲು ಮಾಡಿದ್ದಳು. ಅದರ ಮೇಲೆ ನಾಲ್ಕು. ಒಟ್ಟು ಏಳು ಕಲ್ಲಿನ ಮನೆ. ಯಾರ ಕಾಲಿಗೂ ಸಿಕ್ಕಿ ಬೀಳದಿರಲಿ ಎಂದು ದಾರಿಯಿಂದ ಇಪ್ಪತ್ತು ಹೆಜ್ಜೆ ಆಚೆ ಕಟ್ಟಿದ್ದಳು, ಕಣಿವೆಯ ಅಂಚಿನಲ್ಲಿ.

ಆಗ ಒಳ್ಳೆ ಬಿಸಿಲು. ಗುಂಪಿನ ಮೀನಾಗೆ ವಾಂತಿ ಶುರುವಾಗಿ, ಹಿಂದಿನವರನ್ನು ನೋಡಿಕೊಳ್ಳುತ್ತಿದ್ದ ಸಹಾಯಕ ಅವಳನ್ನು ಕೆಳಗೆ ಕರೆದುಕೊಂಡು ಹೋಗಿದ್ದ. "ಮಂಡಿ ಇಡ್ಕಂಡದೆ. ನೀ ಓಗು, ಮೆಲ್ಲುಗೆ ಬತ್ತೀನಿ," ಅಂದಿದ್ದ ನಿಂಗರಾಜು. ಇವಳೂ ಮಾತು ಕೇಳಿ ಅವನನ್ನು ಹಿಂದೆ ಬಿಟ್ಟು ಬಂದುಬಿಟ್ಟಿದ್ದಳು, ಆಮೇಲೆಯೇ ಆ ಕಲ್ಲಿನ ಮನೆ ಕಟ್ಟಿದ್ದಳು.

ತೊದಲುತ್ತಾ ಎಲ್ಲವನ್ನೂ ಹೇಳಿದಳು. ಗೈಡ್ ಬೈದಿದ್ದರೆ ಅಷ್ಟು ಹೆದರುತ್ತಿರಲಿಲ್ಲವೇನೋ. ಅವನು ಬೈಯಲಿಲ್ಲ. ಹಗ್ಗ ತೆಗೆದು ಒಂದು ತುದಿಯನ್ನು ತನ್ನ ಸೊಂಟಕ್ಕೆ, ಇನ್ನೊಂದನ್ನು ಅವಳ ಸೊಂಟಕ್ಕೆ ಕಟ್ಟಿದ. "ಜಾಗ ನಿನಗೊಬ್ಬಳಿಗೇ ಗೊತ್ತು. ನಡಿ."

"ರೀ..." ಎಂದು ಕೂಗುತ್ತಾ ಇಳಿದಳು. "ರೀ... ಎಲ್ಲಿದ್ದೀರಿ?" ಕೂಗು ಬಾಯಿಂದ ಆಚೆ ಹೋದ ಹಾಗೆಯೇ ಇರಲಿಲ್ಲ. ಅಯ್ಯೋ ಶಿವನೇ, ಮನೆ ಬೇಡ, ಏನೂ ಬೇಡ, ಅವರನ್ನ ಕೊಟ್ಟುಬಿಡು. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಒಮ್ಮೆಯೂ ಬಾಯಲ್ಲಿ ಆಡದ ಹೆಸರು ಗಂಟಲು ಹರಿದುಕೊಂಡು ಬಂತು. "ನಿಂಗರಾಜೂ...!"

ಮೊಣಕಾಲೂರಿ ತೆವಳುತ್ತಾ ಹೋಗಿ ತನ್ನ ಕಲ್ಲಿನ ಮನೆ ಮುಟ್ಟಿದಳು. ಬೆರಳಿನಲ್ಲೇ ಎಣಿಸಿದಳು. ಎಂಟಿತ್ತು. ತುದಿಯಲ್ಲಿ ಅವಳು ಇಡದ ಬಿಳಿ ಬೆಣಚುಕಲ್ಲು. ಹಾಗಾದರೆ ಇಲ್ಲಿಯವರೆಗೆ ಬಂದಿದ್ದಾನೆ! ಇಲ್ಲಿಂದ ಮುಂದೆ? ಮುಂದೆ ಬರೀ ಬಿಳುಪು.

"ಎಸ್ರು ಇಡ್ದು ಕೂಗ್ತಿದ್ದೋಳು ನೀನೇಯಾ?"

ಪಕ್ಕದ ಬಂಡೆಯ ಬುಡದಲ್ಲಿ ಮುದುಡಿ ಕುಳಿತಿದ್ದ. ಹಲ್ಲು ಕಟಕಟ ಅನ್ನುತ್ತಿತ್ತು. ಅವಳು ಹೋಗಿ ಅವನ ಕುತ್ತಿಗೆಗೆ ಜೋತುಬಿದ್ದು ಗೊಳೋ ಎಂದು ಅತ್ತಳು.

"ಓ ಅನ್ನಕ್ಕೆ ಏನ್ ರೋಗ ನಿಮ್ಗೆ?"

"ಅಂದೆ ಕಣಮ್ಮಿ, ಗಂಟ್ಲೇ ಒಣಗೋಗದೆ. ಗುರುತು ಅಂದ್ಕಂಡೇ ಬಂದೆ. ಕೈಲಿ ತಡವ್ದೆ, ಬಾಗ್ಲು ಸಿಕ್ತು. ಗೈಡ್ ಇಟ್ಟ ಕಲ್ಲಿಗೆ ಬಾಗ್ಲು ಯಾಕಿದ್ದದು? ಇದು ನಿನ್ ಕೆಲ್ಸನೇಯ ಅಂತ ಅಂಗೇ ಕೂತ್ಬುಟ್ಟೆ."

"ಮೇಗ್ಳ ಕಲ್ಲು?"

"ನಾನೇ ಮಡಗ್ದೆ." ತಲೆ ತಗ್ಗಿಸಿದ. "ಬದುಕ್ಸಪ್ಪ ಅಂತ ಕೇಳಕ್ಕೆ ಇಲ್ಲಿ ಇನ್ಯಾರಿದ್ರು?"

ಹಿಂದೆ ಇನ್ನೊಂದು ತಂಡ ಬರುತ್ತಿದೆ, ಇದು ಇರಕೂಡದು ಎಂದು ಗೈಡ್ ಒದೆಯಲು ಕಾಲೆತ್ತಿದ. ನಿಂಗರಾಜು ಅಡ್ಡ ಕೈ ಚಾಚಿದ. ಕಟ್ಟಿದ ಕಲ್ಲಿನ ಮನೆ ಕೆಡವಿದರೆ ಮನೆಯ ಯೋಗವೇ ತಪ್ಪುತ್ತದೆ ಎಂದು ನಂಬಿದ್ದವಳು ಶಿವರಂಜಿನಿ. ಕಣ್ಣೊರೆಸಿಕೊಂಡು ತಾನೇ ಮುಂದೆ ಬಂದಳು. ಬಿಳಿ ಕಲ್ಲು ತೆಗೆದು ಗಂಡನ ಕೈಗಿತ್ತಳು. ಉಳಿದ ಏಳನ್ನೂ ಒಂದೊಂದಾಗಿ ಇಳಿಸಿ ನೆಲದಲ್ಲಿ ಚೆಲ್ಲಾಡಿದಳು. ಕೊನೆಗೆ ಬಾಗಿಲೂ ಹೋಯಿತು.

"ಇದ ಏನ್ ಮಾಡನ?" ಅಂದ ನಿಂಗರಾಜು.

"ಅದ್ನೂ ಎಸ್ದುಬುಡಿ. ಒಂಟೋಗನ."

ಅವನು ಕಲ್ಲನ್ನು ಜೋರಾಗಿ ಎಸೆಯಲೂ ಇಲ್ಲ. ಎದುರಿಗೆ, ಇನ್ನೆರಡು ಹೆಜ್ಜೆ ಇಟ್ಟಿದ್ದರೆ ಅವನ ಪಾದ ಬೀಳುತ್ತಿದ್ದ ಜಾಗಕ್ಕೆ, ಸುಮ್ಮನೆ ಹಾಕಿದ. ಮೂವರೂ ಕಿವಿಗೊಟ್ಟು ನಿಂತರು. ಶಿವರಂಜಿನಿ ಗಂಡನ ತೋಳನ್ನು ಎರಡೂ ಕೈಯಲ್ಲಿ ಹಿಡಿದು ಕಾದಳು.

ಕಲ್ಲು ಬಿದ್ದ ಸದ್ದು ಬರಲೇ ಇಲ್ಲ.