ಮುಚ್ಚಿದ ಕಡಲು

ಈ ಲೋಕವೆಲ್ಲ ಯಾರದೋ ಕಂಪ್ಯೂಟರಿನೊಳಗೆ ನಡೆಯುತ್ತಿದೆಯೆಂದು ಹೊನ್ನಾವರದ ಮಕ್ಕಳಿಗೂ ಗೊತ್ತಿತ್ತು. ಹೆಚ್ಚು ಜನ ಹೋಗದ ಜಾಗಗಳನ್ನು, ಯಂತ್ರದ ಭಾರ ಇಳಿಯಲೆಂದು, ಅದನ್ನು ನಡೆಸುವ ಮೇಲಿನವರು ಆಗಾಗ ಮುಚ್ಚಿಬಿಡುತ್ತಿದ್ದರು. ಆ ಬೆಳಿಗ್ಗೆ ನಡುಗಡ್ಡೆಯಾಚೆಯ ಕಡಲನ್ನು ಮುಚ್ಚಿದರು. ಮೀನಿಗೆ ಹೋಗಿದ್ದ ದುರ್ಗಿಯ ಅಣ್ಣ ಜಟ್ಟಪ್ಪ ಇನ್ನೂ ಅಲ್ಲೇ ಇದ್ದ.

ದುರ್ಗಿ ದೋಣಿಯನ್ನು ನೀರಿಗೆ ನೂಕಿದಳು.

"ಹೋಗ್ಬೇಡ್ವೆ! ಅಲ್ಲಿ ನೀರೇ ಇಲ್ಲ" ಎಂದು ಚಿಕ್ಕಪ್ಪ ದಂಡೆಯಿಂದ ಕೂಗಿದ.

"ನಾ ಹೋಗಿ ಎದುರು ನಿಂತ್ರೆ ಮೇಲಿನವ್ರು ನೀರು ಮಾಡ್ದೆ ಎಲ್ಲಿಗೆ ಹೋಗ್ತಾರೆ?"

ನಡುಗಡ್ಡೆ ದಾಟಿದ ಮೇಲೆ ಎದುರಿಗೆ ಬರೀ ಬಿಳುಪು. ಆದರೂ ಹಲ್ಲು ಕಚ್ಚಿ ಹುಟ್ಟು ಎಳೆದಳು. ಹುಟ್ಟಿನಡಿ ಮೊದಲು ಬೊಗಸೆಯಷ್ಟು ನೀರು ಬಂತು, ಆಮೇಲೆ ಅಲೆ, ಆಮೇಲೆ ಉಪ್ಪುಗಾಳಿ.

"ಮಾಡ್ರೋ, ಇನ್ನೂ ಮಾಡ್ರಿ!" ಎಂದು ಆಕಾಶಕ್ಕೆ ಕೂಗುತ್ತ ಮುಂದೆ ಹೋದಳು.

ಬಿಸಿಲೇರುವ ಹೊತ್ತಿಗೆ ಜಟ್ಟಪ್ಪನ ದೋಣಿ ಮೂಡಿತು. ಬೆಳಿಗ್ಗೆ ಅರ್ಧ ಎತ್ತಿದ್ದ ಬಲೆಯನ್ನು ಅವನು ಏನೂ ಆಗದವನಂತೆ ಎಳೆಯತೊಡಗಿದ.

"ಎಂತಕ್ಕೆ ಬಂದ್ಯೆ ತಂಗಿ, ಇಷ್ಟು ದೂರ?"

ದುರ್ಗಿ ಅವನ ದೋಣಿಯ ಅಂಚು ಹಿಡಿದಳು. "ಮುಚ್ಚಿದ ಕಡಲು ತೆಗೂಕೆ ಬಂದೆ" ಎಂದಳು. "ನಾಳೆ ಊರವರನ್ನೆಲ್ಲ ಕರ್ಕೊಂಡು ಇನ್ನೂ ಆಚೆ ಹೋಗ್ವ."